ರೆಫರಿ ಮೇಲೆ ಕೈ ಮಾಡಿದರೆ ಎಷ್ಟು ಪಂದ್ಯ? ಎನ್‌ಎಚ್‌ಎಲ್ ನಿಯಮ ಪುಸ್ತಕ ಓದಿದ ಮೇಲೆ

ಎನ್‌ಎಚ್‌ಎಲ್, ಅಂದರೆ ಅಮೆರಿಕ ಮತ್ತು ಕೆನಡಾದ ಐಸ್ ಹಾಕಿ ಲೀಗ್, ತನ್ನ ನಿಯಮ ಪುಸ್ತಕವನ್ನು ಪುಕ್ಕಟೆಯಾಗಿ ಕೊಡುತ್ತದೆ. ಪಿಡಿಎಫ್ ಇಳಿಸಿಕೊಂಡು ಯಾರು ಬೇಕಾದರೂ ಓದಬಹುದು. ನಾನು ಇಳಿಸಿಕೊಂಡಿದ್ದು ಒಂದೇ ಒಂದು ನಿಯಮಕ್ಕಾಗಿ, 40ನೆಯದು. ಆಟಗಾರ ರೆಫರಿಯನ್ನೋ ರೆಫರಿಗೆ ನೆರವಾಗುವ ಲೈನ್ಸ್‌ಮನ್‌ನನ್ನೋ ಹೊಡೆದರೆ, ತಳ್ಳಿದರೆ, ಕಾಲು ಅಡ್ಡ ಕೊಟ್ಟು ಬೀಳಿಸಿದರೆ ಏನಾಗುತ್ತದೆ ಎನ್ನುವುದು ಅದರಲ್ಲಿದೆ. ಹಾಗಾಗಿ ಈ ವಿಮರ್ಶೆ ಹೆಚ್ಚಾಗಿ ಆ ನಿಯಮದ ಬಗ್ಗೆಯೇ.

ಮೊದಲು ಪುಸ್ತಕದ ಬಗ್ಗೆ ಎರಡು ಮಾತು. ಜೋಡಣೆ ಚೆನ್ನಾಗಿದೆ. ಪ್ರತಿ ನಿಯಮಕ್ಕೂ ನಂಬರ್ ಇದೆ, ಹುಡುಕುವುದು ಸುಲಭ. ಭಾಷೆ ಮಾತ್ರ ವಕೀಲರು ಬರೆದ ಹಾಗಿದೆ. ಒಂದೊಂದು ವಾಕ್ಯ ಎಷ್ಟು ಉದ್ದ ಅಂದರೆ ಕೊನೆಗೆ ಬರುವಷ್ಟರಲ್ಲಿ ಶುರುವಿನಲ್ಲಿ ಏನಿತ್ತು ಅಂತ ಮರೆತುಹೋಗುತ್ತದೆ. ಫೋನಿನಲ್ಲಿ ಓದಲು ಹೋಗಬೇಡಿ, ದೊಡ್ಡ ಪರದೆಯಲ್ಲೇ ಓದಿ.

ಈಗ 40ನೇ ನಿಯಮ. ತಪ್ಪನ್ನು ಮೂರು ವರ್ಗ ಮಾಡಿದ್ದಾರೆ. ಬೇಕಂತಲೇ ಹೊಡೆದು ಗಾಯ ಮಾಡಿದರೆ, ಅಥವಾ ಗಾಯ ಮಾಡುವ ಉದ್ದೇಶದಿಂದ ಬಲ ಹಾಕಿದರೆ, ಕನಿಷ್ಠ 20 ಪಂದ್ಯ ಅಮಾನತು. ಬೇಕಂತಲೇ ಬಲ ಹಾಕಿದ್ದು ನಿಜ, ಆದರೆ ಗಾಯ ಮಾಡುವ ಉದ್ದೇಶ ಇರಲಿಲ್ಲ ಅಂದರೆ ಕನಿಷ್ಠ 10. ಅವಮಾನ ಆಗುವ ಹಾಗೆ ನಡೆದುಕೊಂಡರೆ, ರೆಫರಿ ಇದ್ದ ಕಡೆಗೆ ಸ್ಟಿಕ್ ಎಸೆದರೆ ಅಥವಾ ಪಕ್ (ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ) ಹೊಡೆದರೆ ಕನಿಷ್ಠ 3. ಒಂದು ಸೀಸನ್‌ಗೆ 80ಕ್ಕಿಂತ ಸ್ವಲ್ಪ ಹೆಚ್ಚು ಪಂದ್ಯ. 20 ಅಂದರೆ ಹತ್ತಿರ ಹತ್ತಿರ ಕಾಲು ಭಾಗ, ಜೊತೆಗೆ ಅಷ್ಟು ದಿನದ ಸಂಬಳವೂ ಹೋಗುತ್ತದೆ. ಸಣ್ಣ ಶಿಕ್ಷೆಯೇನಲ್ಲ.

ನನಗೆ ತುಂಬ ಹಿಡಿಸಿದ್ದು ಇದರ ಸೂಕ್ಷ್ಮ. ಉಗುಳುವುದನ್ನೇ ತೆಗೆದುಕೊಳ್ಳಿ. ರೆಫರಿಯ ಕಡೆಗೆ ಉಗುಳಿದರೆ 3 ಪಂದ್ಯ, ಮೈಮೇಲೆ ಉಗುಳಿದರೆ 10. ಇನ್ನೊಂದು, ಹೊಡೆದಾಟ ಬಿಡಿಸಲು ಲೈನ್ಸ್‌ಮನ್ ಬಂದು ಹಿಡಿದುಕೊಂಡಾಗ ಆ ಹಿಡಿತ ಬಿಡಿಸಿಕೊಳ್ಳಲು ಮಾತ್ರ ಆಟಗಾರ ಕೊಸರಾಡಿದರೆ ಅದು 3 ಪಂದ್ಯದ ತಪ್ಪು, 10ರದ್ದಲ್ಲ. ಆ ಗಲಾಟೆಯಲ್ಲಿ ಯಾರು ಹಿಡಿದಿದ್ದಾರೆ ಅಂತ ಎಷ್ಟೋ ಸಲ ಗೊತ್ತೂ ಆಗುವುದಿಲ್ಲ ಅಲ್ವಾ. ಅದನ್ನು ಯೋಚಿಸಿ ಬರೆದಿದ್ದಾರೆ. ಆಟದ ಓಟದಲ್ಲಿ ಆಕಸ್ಮಿಕವಾಗಿ ಡಿಕ್ಕಿ ಹೊಡೆದರೆ ಈ ಅಮಾನತು ಇಲ್ಲ. ಅದೂ ಸರಿಯೇ. ಮಂಜಿನ ಮೇಲೆ ಎರಡು ತಂಡದ ಆಟಗಾರರ ಜೊತೆ ಇಬ್ಬರು ರೆಫರಿ, ಇಬ್ಬರು ಲೈನ್ಸ್‌ಮನ್ ಓಡಾಡುತ್ತಿರುತ್ತಾರೆ. ಪಕ್ ತಮ್ಮ ಕಡೆ ಬಂದಾಗ ಲೈನ್ಸ್‌ಮನ್‌ಗಳು ಪಕ್ಕದ ಬೋರ್ಡ್ ಹಿಡಿದು ಮೇಲಕ್ಕೆ ಹಾರಿ ದಾರಿ ಬಿಡುವುದನ್ನು ಆಟ ನೋಡುವವರೆಲ್ಲ ನೋಡಿರುತ್ತಾರೆ. ಅಷ್ಟಾದರೂ ಮೈ ತಾಗುತ್ತದೆ. ಅದಕ್ಕೆಲ್ಲ ಶಿಕ್ಷೆ ಕೊಡುತ್ತಾ ಹೋದರೆ ಆಟ ಆಡುವುದಾದರೂ ಹೇಗೆ?

ಒಂದು ಪ್ರಶ್ನೆ ಪದೇ ಪದೇ ಬರುತ್ತದೆ. ಇದೇ ಆಟದಲ್ಲಿ ಇಬ್ಬರು ಆಟಗಾರರು ಗ್ಲೌಸ್ ಬಿಸಾಕಿ ಮುಖಕ್ಕೆ ಗುದ್ದಾಡಿದರೆ 5 ನಿಮಿಷ ಹೊರಗೆ ಕೂತು ವಾಪಸ್ ಬರುತ್ತಾರೆ, ಹಾಗಿರುವಾಗ ಲೈನ್ಸ್‌ಮನ್‌ಗೆ ಒಂದು ಏಟು ಬಿದ್ದರೆ 10 ಪಂದ್ಯ ಯಾಕೆ? ನನಗೆ ಈ ವಾದ ಸ್ವಲ್ಪವೂ ಒಪ್ಪಿಗೆ ಇಲ್ಲ. ಗುದ್ದಾಡುವ ಇಬ್ಬರೂ ಸಿದ್ಧರಾಗಿ ನಿಂತಿರುತ್ತಾರೆ, ಇಬ್ಬರ ಹಿಂದೆಯೂ ಒಂದೊಂದು ತಂಡ ಇರುತ್ತದೆ. ರೆಫರಿ ತಿರುಗಿ ಹೊಡೆಯುವಂತಿಲ್ಲ. ಅವರ ಪರ ಬೆಂಚಿನಿಂದ ಎದ್ದು ಬರುವವರು ಯಾರೂ ಇಲ್ಲ. ಅವರ ಕಣ್ಣು ಪಕ್ ಮೇಲೆ ಇರುತ್ತದೆ, ಬೆನ್ನು ಅರ್ಧ ಮೈದಾನಕ್ಕೆ ಇರುತ್ತದೆ. ತಿರುಗಿ ಹೊಡೆಯಲಾಗದವರ ಮೇಲೆ ಕೈ ಮಾಡುವುದು ಬೇರೆಯೇ ಜಾತಿಯ ತಪ್ಪು.

ಈ ನಿಯಮ ಸುಮ್ನೆ ಹುಟ್ಟಿದ್ದಲ್ಲ. 1927ರಲ್ಲಿ ಲೀಗ್‌ನ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಸ್ಟ್ಯಾನ್ಲಿ ಕಪ್ ಫೈನಲ್ ಮುಗಿದ ಮೇಲೆ ರೆಫರಿಯ ಮೇಲೆ ಹಲ್ಲೆ ಮಾಡಿದ್ದಕ್ಕೆ ಬಾಸ್ಟನ್‌ನ ಬಿಲ್ಲಿ ಕೂಟು ಅವರನ್ನು ಲೀಗ್‌ನಿಂದ ಜೀವನಪೂರ್ತಿ ಹೊರಗೆ ಹಾಕಿದ್ದರು. 1955ರ ಮಾರ್ಚ್ 13ರಂದು ಬಾಸ್ಟನ್‌ನಲ್ಲಿ ಮಾಂಟ್ರಿಯಲ್‌ನ ಮೌರಿಸ್ ರಿಚರ್ಡ್, ಹೊಡೆದಾಟ ಬಿಡಿಸಲು ಬಂದ ಲೈನ್ಸ್‌ಮನ್ ಕ್ಲಿಫ್ ಥಾಂಪ್ಸನ್ ಅವರಿಗೆ ಗುದ್ದಿದರು. ಲೀಗ್ ಅಧ್ಯಕ್ಷ ಕ್ಲಾರೆನ್ಸ್ ಕ್ಯಾಂಪ್‌ಬೆಲ್ ಆ ಸೀಸನ್‌ನ ಉಳಿದ ಪಂದ್ಯಗಳ ಜೊತೆಗೆ ಪ್ಲೇಆಫ್‌ನಿಂದಲೂ, ಅಂದರೆ ಕಪ್‌ಗಾಗಿ ನಡೆಯುವ ಕೊನೆಯ ಸುತ್ತುಗಳಿಂದಲೂ, ಅವರನ್ನು ಹೊರಗಿಟ್ಟರು. ಮಾರ್ಚ್ 17ರಂದು ಮಾಂಟ್ರಿಯಲ್‌ನಲ್ಲಿ ದೊಡ್ಡ ಗಲಭೆಯೇ ಆಯಿತು. ಆ ವರ್ಷ ಅತಿ ಹೆಚ್ಚು ಪಾಯಿಂಟ್ ಗಳಿಸಿದವರ ಪ್ರಶಸ್ತಿ ರಿಚರ್ಡ್ ಅವರಿಗೆ ಒಂದೇ ಒಂದು ಪಾಯಿಂಟಿನಿಂದ ತಪ್ಪಿತು. ಊರಿನ ಕಣ್ಮಣಿಯಂಥ ಆಟಗಾರ, ಪ್ಲೇಆಫ್ ಎದುರಿಗಿದೆ, ಜನ ಬೀದಿಗೆ ಇಳಿಯಬಹುದು. ಅಷ್ಟಿದ್ದರೂ ಅಧ್ಯಕ್ಷರು ಜಗ್ಗಲಿಲ್ಲ. ನಾನು ಕ್ಯಾಂಪ್‌ಬೆಲ್ ಅವರ ಪಕ್ಷವೇ.

ಆದರೆ ಎಲ್ಲ ಕಾಲದಲ್ಲೂ ಅಷ್ಟು ಗಟ್ಟಿತನ ಇರಲಿಲ್ಲ. 1981ರಲ್ಲಿ ಫಿಲಡೆಲ್ಫಿಯಾದ ಪಾಲ್ ಹೋಮ್‌ಗ್ರೆನ್ ರೆಫರಿ ಆಂಡಿ ವ್ಯಾನ್ ಹೆಲೆಮಂಡ್ ಅವರಿಗೆ ಹೊಡೆದಾಗ ಸಿಕ್ಕಿದ್ದು 5 ಪಂದ್ಯ ಮತ್ತು 500 ಡಾಲರ್ ದಂಡ. ರೆಫರಿಗಳಿಗೆ ಸಿಟ್ಟು ಬಂತು, ಬರಲೇಬೇಕು. ಅದಾದ ಮೇಲೆ ಇಂತಿಷ್ಟು ಪಂದ್ಯ ಅಂತ ಮೊದಲೇ ಗೊತ್ತುಮಾಡಿದ ಕಠಿಣ ನಿಯಮ ಬಂತು. 1983ರಲ್ಲಿ ಶಿಕಾಗೋದ ಟಾಮ್ ಲೈಸಿಯಾಕ್ ಲೈನ್ಸ್‌ಮನ್ ಕಾಲಿಗೆ ಸ್ಟಿಕ್ ಅಡ್ಡ ಕೊಟ್ಟು ಬೀಳಿಸಿ 20 ಪಂದ್ಯ ಕಳೆದುಕೊಂಡರು. ಆಟಗಾರ ಎಷ್ಟು ದೊಡ್ಡವನು, ಆ ವಾರ ಯಾರ ಮನಸ್ಸು ಹೇಗಿತ್ತು ಅನ್ನುವುದರ ಮೇಲೆ ಶಿಕ್ಷೆ ನಿಲ್ಲಬಾರದು. ಕನಿಷ್ಠ ಇಷ್ಟು ಅಂತ ಮುಂಚೆಯೇ ಬರೆದಿಟ್ಟಿದ್ದು ಈ ನಿಯಮದ ದೊಡ್ಡ ಗುಣ.

2017ರ ಫೆಬ್ರವರಿ 14ರಂದು ಅದು ಅಚ್ಚುಕಟ್ಟಾಗಿ ಕೆಲಸ ಮಾಡಿತು. ಅನಾಹೈಮ್‌ನ ಆಂಟ್ವಾನ್ ವರ್ಮೆಟ್, ಆಟ ಶುರುಮಾಡಲು ಲೈನ್ಸ್‌ಮನ್ ಇಬ್ಬರು ಆಟಗಾರರ ನಡುವೆ ಪಕ್ ಬಿಡುವಾಗ ತಾನು ಸಿದ್ಧವಾಗುವ ಮೊದಲೇ ಬಿಟ್ಟರು ಅನ್ನುವ ಸಿಟ್ಟಿಗೆ ಲೈನ್ಸ್‌ಮನ್ ಕಾಲಿಗೆ ಸ್ಟಿಕ್ಕಿನಿಂದ ಹೊಡೆದರು. ಜೋರಾದ ಏಟೇನಲ್ಲ. ಆದರೂ 10 ಪಂದ್ಯ. ಮೇಲ್ಮನವಿ ಹಾಕಿದರು, ಲೀಗ್‌ನ ಮುಖ್ಯಸ್ಥರಾದ ಕಮಿಷನರ್ ಒಪ್ಪಲಿಲ್ಲ. ಇದು ಜಾಸ್ತಿಯಾಯಿತು ಅನ್ನುವವರು ಇದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಏಟು ಮೆಲ್ಲಗಿತ್ತೋ ಜೋರಾಗಿತ್ತೋ ಅಂತ ಅಳೆಯಲು ಹೊರಟರೆ ಮೆಲ್ಲಗೆ ಹೊಡೆಯಬಹುದು ಅಂತಲೇ ಅರ್ಥ ಬರುತ್ತದೆ.

ಇನ್ನು ಕೊರತೆ. 2016ರ ಜನವರಿ 27ರಂದು ಕ್ಯಾಲ್ಗರಿಯಲ್ಲಿ ನ್ಯಾಶ್‌ವಿಲ್ ವಿರುದ್ಧದ ಪಂದ್ಯ. ಕ್ಯಾಲ್ಗರಿಯ ಡೆನಿಸ್ ವೈಡ್‌ಮನ್ ಅವರಿಗೆ ಎದುರಾಳಿಯಿಂದ ಜೋರಾದ ಪೆಟ್ಟು ಬಿತ್ತು. ಎದ್ದು ಬೆಂಚಿನ ಕಡೆ ಬರುವಾಗ ದಾರಿಯಲ್ಲಿದ್ದ ಲೈನ್ಸ್‌ಮನ್ ಡಾನ್ ಹೆಂಡರ್ಸನ್ ಅವರನ್ನು ಹಿಂದಿನಿಂದ ಸ್ಟಿಕ್ ಸಮೇತ ತಳ್ಳಿ ಬೀಳಿಸಿದರು. ಲೀಗ್ 20 ಪಂದ್ಯ ಕೊಟ್ಟಿತು, ಕಮಿಷನರ್ ಗ್ಯಾರಿ ಬೆಟ್‌ಮನ್ ಅದನ್ನೇ ಎತ್ತಿಹಿಡಿದರು. ತಲೆಗೆ ಪೆಟ್ಟು ಬಿದ್ದು ಗೊಂದಲದಲ್ಲಿದ್ದೆ, ಬೇಕಂತ ಮಾಡಿದ್ದಲ್ಲ ಅನ್ನುವುದು ವೈಡ್‌ಮನ್ ವಾದ. ಪ್ರಕರಣ ತಟಸ್ಥ ಮಧ್ಯಸ್ಥಗಾರ ಜೇಮ್ಸ್ ಓಲ್ಡಮ್ ಅವರ ಮುಂದೆ ಹೋಯಿತು. ಗಾಯ ಮಾಡುವ ಉದ್ದೇಶ ಇರಲಿಲ್ಲ ಅಂತ ಹೇಳಿ ಅವರು 10ಕ್ಕೆ ಇಳಿಸಿದರು. ಅಷ್ಟರಲ್ಲಿ ವೈಡ್‌ಮನ್ 19 ಪಂದ್ಯ ಹೊರಗೆ ಕೂತಾಗಿತ್ತು! ಸಂಬಳದಲ್ಲಿ ಕಳೆದುಕೊಂಡ ಹಣದ ಅರ್ಧ ವಾಪಸ್ ಬರಬಹುದು, ಆಡದೇ ಹೋದ ಪಂದ್ಯ ಬರುವುದಿಲ್ಲ. ಲೀಗ್ ಕೋರ್ಟಿಗೆ ಹೋಯಿತು, ಅಲ್ಲೂ ಸೋತಿತು. ಕುತ್ತಿಗೆಗೆ ಗಾಯವಾದ ಹೆಂಡರ್ಸನ್ ಮತ್ತೆ ಎನ್‌ಎಚ್‌ಎಲ್ ಪಂದ್ಯಕ್ಕೆ ಬರಲೇ ಇಲ್ಲ.

ಇಲ್ಲಿ ಎಡವಿದ್ದು ಎಲ್ಲಿ? ನನ್ನ ಪ್ರಕಾರ ‘ಉದ್ದೇಶ’ ಅನ್ನುವ ಒಂದು ಪದದಲ್ಲಿ. ಈ ಬಲದಿಂದ ಗಾಯ ಆಗಬಹುದು ಅಂತ ಆಟಗಾರನಿಗೆ ಗೊತ್ತಿತ್ತು, ಅಥವಾ ಗೊತ್ತಿರಬೇಕಿತ್ತು ಅಂದರೆ ಅದೇ ಗಾಯ ಮಾಡುವ ಉದ್ದೇಶ, ಹೀಗೆ ಪುಸ್ತಕವೇ ಅರ್ಥ ಕೊಡುತ್ತದೆ. ಆರೋಗ್ಯವಾಗಿರುವವನ ವಿಷಯದಲ್ಲಿ ಇದು ಸರಿ. ತಲೆಗೆ ಪೆಟ್ಟು ಬಿದ್ದವನಿಗೆ ಏನು ಗೊತ್ತಿರಬೇಕಿತ್ತು? ಅದಕ್ಕೆ 40ನೇ ನಿಯಮದಲ್ಲಿ ಉತ್ತರ ಇಲ್ಲ. ಮಧ್ಯಸ್ಥಗಾರರ ಹಂತ ಬರುವುದೂ ಲೀಗ್ ಮತ್ತು ಆಟಗಾರರ ಸಂಘದ ಒಪ್ಪಂದದಿಂದ, ಅದು ಬೇರೆಯೇ ಕಡತ. ಎರಡನ್ನೂ ಪಕ್ಕದಲ್ಲಿ ಇಟ್ಟುಕೊಂಡು ಓದದೇ ಇದ್ದರೆ ಶಿಕ್ಷೆ ಕೊನೆಗೆ ಎಲ್ಲಿ ನಿಲ್ಲುತ್ತದೆ ಅಂತ ತಿಳಿಯುವುದಿಲ್ಲ.

ಇನ್ನೊಂದು ವಿಷಯಕ್ಕೂ ನನಗೆ ಕಸಿವಿಸಿ. ತಪ್ಪು ಯಾವ ವರ್ಗಕ್ಕೆ ಸೇರುತ್ತದೆ ಅಂತ ಪಂದ್ಯ ಮುಗಿದ ಕೂಡಲೇ ಗೊತ್ತುಮಾಡಬೇಕಾದವರು ಅವತ್ತಿನ ರೆಫರಿಗಳೇ, ಲೈನ್ಸ್‌ಮನ್‌ಗಳ ಜೊತೆ ಮಾತಾಡಿಕೊಂಡು. ಏಟು ತಿಂದವರು ಅದೇ ಕೋಣೆಯಲ್ಲಿ ಇರುತ್ತಾರೆ. ಅವರು ಪ್ರಾಮಾಣಿಕರು ಅನ್ನುವುದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಆ ಭಾರವನ್ನು ಅವರ ಮೇಲೆ ಹೊರಿಸುವುದು ಸರಿಯಲ್ಲ. ನಡೆದದ್ದನ್ನು ಅವರು ಬರೆದುಕೊಡಲಿ, ವಿಡಿಯೋ ನೋಡಿ ವರ್ಗ ತೀರ್ಮಾನಿಸುವ ಕೆಲಸ ಬೇರೆಯವರು ಮಾಡಲಿ.

ರೇಟಿಂಗ್ ಕೇಳಿದರೆ, ಇಡೀ ಪುಸ್ತಕಕ್ಕೆ 5ಕ್ಕೆ 4, 40ನೇ ನಿಯಮಕ್ಕೆ ಮೂರೂವರೆ. ಆಟ ನೋಡುವವರು ಈ ಎರಡು ಮೂರು ಪುಟವನ್ನಾದರೂ ಓದಿ, ಮುಂದಿನ ಸಲ ಇಂಥದ್ದು ನಡೆದಾಗ ವಾದ ಮಾಡಲು ಕೈಯಲ್ಲಿ ಏನಾದರೂ ಇರುತ್ತದೆ. ಬೇರೆ ಲೀಗ್ ನಡೆಸುವವರು ಇದನ್ನು ನೋಡಿ ನಿಯಮ ಬರೆಯುವುದಾದರೆ ಕನಿಷ್ಠ ಶಿಕ್ಷೆಯ ಭಾಗವನ್ನು ಹಾಗೇ ತೆಗೆದುಕೊಳ್ಳಿ. ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿ: ತಲೆಗೆ ಪೆಟ್ಟು ಬಿದ್ದ ಆಟಗಾರನನ್ನು ಕೂಡಲೇ ಹೊರಗೆ ಕರೆಯದೆ ಆಡಲು ಬಿಟ್ಟು, ಅವನಿಂದ ರೆಫರಿಗೆ ಏಟಾದರೆ, ದಂಡ ಅವನ ತಂಡವೂ ಕಟ್ಟಬೇಕು.