ವಿವಾದದ ಸಿನಿಮಾಗೆ ಬಾಕ್ಸ್ ಆಫೀಸ್ ಮೋಜೋ ಲೆಕ್ಕ ಎಷ್ಟು ಕೆಲಸಕ್ಕೆ ಬರುತ್ತದೆ?

ವಿವಾದ ಎದ್ದಿರುವ ಸಿನಿಮಾ ಅಮೆರಿಕದ ಬೆರಳೆಣಿಕೆಯ ಥಿಯೇಟರ್‌ಗಳಲ್ಲಿ ತೆರೆಕಂಡರೆ ಸಾಕು, ‘ಗೆದ್ದೇಬಿಟ್ಟಿತು’, ‘ನೆಲಕಚ್ಚಿತು’ ಎಂಬ ವಾದ ಶುರುವಾಗುತ್ತದೆ. ಎರಡೂ ಕಡೆಯವರು ಮುಂದಿಡುವುದು ಸಿನಿಮಾಗಳ ಗಳಿಕೆಯ ಲೆಕ್ಕ ಕೊಡುವ ಬಾಕ್ಸ್ ಆಫೀಸ್ ಮೋಜೋ ಎಂಬ ಅಂತರ್ಜಾಲ ತಾಣದ ಅಂಕಿಗಳನ್ನೇ. ತಾಣ ಚೆನ್ನಾಗಿದೆ, ಬಳಸಲು ಸಲೀಸು. ಆದರೆ ಮೊದಲ ವಾರಾಂತ್ಯದಲ್ಲಿ ಒಂದೊಂದು ಥಿಯೇಟರ್‌ಗೆ ಬಂದ ಸರಾಸರಿ ಗಳಿಕೆಯೊಂದನ್ನೇ ಹಿಡಿದು ಭವಿಷ್ಯ ಹೇಳಲು ಹೊರಟರೆ ಲೆಕ್ಕ ಕೈಕೊಡುತ್ತದೆ.

ಸಿನಿಮಾದ ಪುಟದಲ್ಲಿ ಅಮೆರಿಕದ ಬಿಡುಗಡೆ ಆರಿಸಿಕೊಂಡು ವಾರಾಂತ್ಯದ ಪಟ್ಟಿಗೆ ಹೋಗಿ. ಗಳಿಕೆ, ಹಿಂದಿನ ವಾರಕ್ಕಿಂತ ಶೇಕಡಾ ಎಷ್ಟು ಏರಿಳಿತ, ಥಿಯೇಟರ್ ಸಂಖ್ಯೆ, ಸರಾಸರಿ, ಒಟ್ಟು ಮೊತ್ತ ಎಲ್ಲ ಒಂದೇ ಸಾಲಿನಲ್ಲಿ ಸಿಗುತ್ತವೆ. ಎಲ್ಲರ ಕಣ್ಣು ಬೀಳುವುದು ಸರಾಸರಿಯ ಮೇಲೆ, ಎಡವುವುದೂ ಅಲ್ಲೇ. ಅದು ಥಿಯೇಟರ್‌ಗೆ ಹಾಕಿದ ಲೆಕ್ಕ, ಸ್ಕ್ರೀನ್‌ಗೆ ಅಲ್ಲ. ಒಂದೇ ಥಿಯೇಟರ್ ಮೂರು ಸ್ಕ್ರೀನ್‌ಗಳಲ್ಲಿ ಓಡಿಸಿದರೂ ಪಟ್ಟಿಯಲ್ಲಿ ಅದು ಒಂದೇ.

ಯೇಸುವಿನ ಚಿತ್ರಣಕ್ಕಾಗಿ ಕ್ರೈಸ್ತ ಸಂಘಟನೆಗಳ ವಿರೋಧ ಎದುರಿಸಿದ 1988ರ ‘ದಿ ಲಾಸ್ಟ್ ಟೆಂಪ್ಟೇಶನ್ ಆಫ್ ಕ್ರೈಸ್ಟ್’ ನೋಡಿ. 9 ಥಿಯೇಟರ್, ಮೊದಲ ವಾರಾಂತ್ಯಕ್ಕೆ 4,01,211 ಡಾಲರ್, ಸರಾಸರಿ 44,579. ಇದನ್ನೇ 100 ಥಿಯೇಟರ್‌ಗೆ ಗುಣಿಸಿದರೆ ಒಂದು ವಾರಾಂತ್ಯಕ್ಕೇ 44 ಲಕ್ಷ ದಾಟಬೇಕು. ಅಮೆರಿಕದಲ್ಲಿ ಆ ಚಿತ್ರ ಕೊನೆಯವರೆಗೆ ಗಳಿಸಿದ್ದು ಸುಮಾರು 83 ಲಕ್ಷ. ಗದ್ದಲ ಕೇಳಿ ಕುತೂಹಲಕ್ಕೆ ಬರುವವರು ಮೊದಲ ಮೂರು ದಿನಗಳಲ್ಲೇ ದೊಡ್ಡ ಊರುಗಳ ಆಯ್ದ ಥಿಯೇಟರ್ ತುಂಬಿಬಿಡುತ್ತಾರೆ. ಹೊಸದಾಗಿ ಸೇರುವ ಥಿಯೇಟರ್‌ಗೆ ಅಂಥ ಜನ ಉಳಿದಿರುವುದಿಲ್ಲ.

ಹಾಗಾಗಿ ನಿಜವಾಗಿ ಓದಬೇಕಾದದ್ದು ಎರಡನೇ ವಾರಾಂತ್ಯದ ಸಾಲು, ಅದರಲ್ಲೂ ಥಿಯೇಟರ್ ಸಂಖ್ಯೆ ಮತ್ತು ಗಳಿಕೆ ಎರಡನ್ನೂ ಜೋಡಿಸಿ. ಅಧ್ಯಕ್ಷ ಬುಷ್ ಅವರನ್ನು ಟೀಕಿಸಿದ 2004ರ ಸಾಕ್ಷ್ಯಚಿತ್ರ ‘ಫ್ಯಾರನ್‌ಹೀಟ್ 9/11’ 868 ಥಿಯೇಟರ್‌ಗಳಲ್ಲಿ 2.39 ಕೋಟಿ ಡಾಲರ್‌ನಿಂದ ಶುರುವಾಯಿತು. ಮರುವಾರ ಥಿಯೇಟರ್‌ಗಳು ಹೆಚ್ಚುಕಡಿಮೆ ದುಪ್ಪಟ್ಟಾದವು, ಗಳಿಕೆ ಆಗಲೂ 2 ಕೋಟಿಯ ಮೇಲೇ ನಿಂತಿತು. ಅಮೆರಿಕದ ಒಟ್ಟು 11.9 ಕೋಟಿಗೆ ಹೋಗಿ ಮುಟ್ಟಿದ್ದು ಆ ಬಲದಿಂದಲೇ. ಥಿಯೇಟರ್ ದುಪ್ಪಟ್ಟಾಗಿಯೂ ಒಟ್ಟು ಗಳಿಕೆ ಅರ್ಧಕ್ಕಿಳಿದರೆ ಮೂರನೇ ವಾರ ಮಾಲೀಕರು ಷೋ ಕಿತ್ತುಹಾಕುತ್ತಾರೆಂದೇ ಲೆಕ್ಕ.

ಭಾನುವಾರ ಕಾಣುವ ಮೊತ್ತ ಬರೀ ಅಂದಾಜು, ಪಕ್ಕಾ ಅಂಕಿ ಸೋಮವಾರ ಬರುತ್ತದೆ. ಅಷ್ಟರೊಳಗೆ ವಾದಕ್ಕೆ ಇಳಿಯಬೇಡಿ. ತಾಣ ತೋರಿಸುವುದು ಟಿಕೆಟ್ ಮಾರಾಟದ ಮೊತ್ತವನ್ನಷ್ಟೇ. ಅದರಲ್ಲಿ ಸುಮಾರು ಅರ್ಧ ಥಿಯೇಟರ್‌ನವರ ಪಾಲು. ಬಜೆಟ್ ಪಕ್ಕದಲ್ಲಿಟ್ಟು ಲಾಭ-ನಷ್ಟ ಹೇಳುವವರು ಮರೆಯುವುದು ಇದನ್ನೇ. 2019ರಲ್ಲಿ ತಾಣದ ರೂಪ ಬದಲಾದಾಗ ಹಲವು ಪಟ್ಟಿಗಳು ಹಣ ಕಟ್ಟಬೇಕಾದ ಐಎಂಡಿಬಿ ಪ್ರೊ ಎಂಬ ಸೇವೆಗೆ ಹೋದದ್ದು ಬೇಸರದ ಸಂಗತಿ, ಆದರೂ ಈ ಕೆಲಸಕ್ಕೆ ಉಚಿತ ಪುಟಗಳೇ ಸಾಕು.

ಸಿನಿಮಾ ಅದೇ ದಿನ ಆನ್‌ಲೈನ್‌ಗೂ ಬಂದಿದ್ದರೆ ಮಾತ್ರ ಈ ತಾಣವೊಂದನ್ನೇ ನೆಚ್ಚಿ ಕೂರಬೇಡಿ. 2014ರ ಕ್ರಿಸ್‌ಮಸ್‌ಗೆ 331 ಥಿಯೇಟರ್‌ಗಳಲ್ಲಿ ಬಂದ, ಉತ್ತರ ಕೊರಿಯಾದ ನಾಯಕನನ್ನು ಗೇಲಿ ಮಾಡುವ ‘ದಿ ಇಂಟರ್‌ವ್ಯೂ’ ನಾಲ್ಕು ದಿನಕ್ಕೆ ಅಲ್ಲಿ ಗಳಿಸಿದ್ದು ಸುಮಾರು 28 ಲಕ್ಷ ಡಾಲರ್. ಮೊದಲ ನಾಲ್ಕು ದಿನದ ಆನ್‌ಲೈನ್ ಬಾಡಿಗೆ, ಮಾರಾಟದಿಂದ ಬಂದದ್ದು 1.5 ಕೋಟಿ. ಥಿಯೇಟರ್ ಪಟ್ಟಿಯಲ್ಲಿ ಆ ಹಣ ಕಾಣುವುದಿಲ್ಲ. ಅದಕ್ಕೆ ನಿರ್ಮಾಣ ಸಂಸ್ಥೆಯ ಪ್ರಕಟಣೆಯನ್ನೇ ಹುಡುಕಬೇಕು.