ಬಾದುವಾನ್‌ಜಿನ್, ತಾಯ್ ಚಿ, ಗುವಾಶಾ: ಹಿಡಿದ ಕುತ್ತಿಗೆಗೆ ಯಾವುದು ವಾಸಿ?

ಶಾಂಘೈಯಲ್ಲಿ ನನ್ನದು ಇಡೀ ದಿನ ಲ್ಯಾಪ್‌ಟಾಪ್ ಮುಂದೆ ಕೂರುವ ಕೆಲಸ. ಸಂಜೆಗೆ ಕುತ್ತಿಗೆ, ಭುಜ ಎರಡೂ ಹಿಡಿದುಕೊಳ್ಳುತ್ತವೆ. ಆಫೀಸಿನಲ್ಲಿ ಒಬ್ಬೊಬ್ಬರು ಒಂದೊಂದು ಮದ್ದು ಹೇಳಿದರು. ಎಲ್ಲವನ್ನೂ ಮಾಡಿ ನೋಡಿದೆ.

ಬೇಗ ಹಾಯೆನಿಸುವುದು ಗುವಾಶಾ. ಎಣ್ಣೆ ಹಚ್ಚಿ, ಎಮ್ಮೆ ಕೊಂಬಿನ ಬಿಲ್ಲೆಯಿಂದ ಕುತ್ತಿಗೆಯಿಂದ ಭುಜದ ಕಡೆಗೆ ಒಂದೇ ದಿಕ್ಕಿನಲ್ಲಿ ಕೆರೆಯುತ್ತಾರೆ. ಚರ್ಮ ಕೆಂಪು ಚುಕ್ಕೆ ಚುಕ್ಕೆಯಾಗುತ್ತದೆ. ವಿಷ ಹೊರಬಂತು ಅಂತ ಖುಷಿಪಡುವವರಿದ್ದಾರೆ. ಅದು ಸಣ್ಣ ರಕ್ತನಾಳ ಒಡೆದು ಚರ್ಮದಡಿ ಇಳಿದ ರಕ್ತ, ಅಷ್ಟೇ. ಕೆಲವು ದಿನದಲ್ಲಿ ಮಾಯುತ್ತದೆ. ನನಗೆ ನೋವು ಅದಕ್ಕೂ ಮೊದಲೇ ವಾಪಸ್ ಬರುತ್ತದೆ! ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರು ಇದರ ತಂಟೆಗೇ ಹೋಗಬೇಡಿ.

ತಾಯ್ ಚಿ ಅಂದರೆ ನಿಧಾನವಾಗಿ ಮಾಡುವ ಚೀನೀ ವ್ಯಾಯಾಮ, ನೋಡಲು ಚೆಂದ. ಫುಕ್ಸಿಂಗ್ ಪಾರ್ಕಿಗೆ ಬೆಳಿಗ್ಗೆ ಹೋದರೆ ಹಿರಿಯರು ನೀರಲ್ಲಿ ನಡೆದ ಹಾಗೆ ಮಾಡುತ್ತಿರುತ್ತಾರೆ. ಹೊಸಬರಿಗೆ ಸಾಮಾನ್ಯವಾಗಿ ಕಲಿಸುವುದು 24 ಭಂಗಿಯ ಸರಣಿ. 1956ರಲ್ಲಿ ತಾಯ್ ಚಿಯ ಯಾಂಗ್ ಶೈಲಿಯನ್ನು ಸರಳ ಮಾಡಿ ರೂಪಿಸಿದ್ದಂತೆ. ಸರಳ ಅನ್ನುವುದು ಹೆಸರಿಗೆ ಮಾತ್ರ! 'ಕಾಡುಕುದುರೆಯ ಜೂಲು ಸವರು' ಅನ್ನುವ ಭಂಗಿಯಲ್ಲಿ ಕೈ ಕಡೆ ಗಮನ ಕೊಟ್ಟರೆ ಮಂಡಿ ಒಳಕ್ಕೆ ವಾಲುತ್ತದೆ. ತಿದ್ದುವವರು ಪಕ್ಕದಲ್ಲೇ ಇರಬೇಕು. ಆದರೆ ವಯಸ್ಸಾದವರು ಬೀಳುವುದು ಇದರಿಂದ ಕಡಿಮೆಯಾಗುತ್ತದೆ ಅನ್ನುವುದಕ್ಕೆ ಒಳ್ಳೆಯ ಅಧ್ಯಯನಗಳಿವೆ. ಅಪ್ಪ ಅಮ್ಮನಿಗಾದರೆ ಇದನ್ನೇ ಹೇಳುತ್ತೇನೆ.

ಬಿಸಿನೀರಲ್ಲಿ ಕಾಲಿಡುವುದೂ ಇದೆ, ಶುಂಠಿ ಹಾಕಿ. ಕುತ್ತಿಗೆಗೆ ಏನೂ ಆಗಲಿಲ್ಲ, ನಿದ್ದೆ ಮಾತ್ರ ಚೆನ್ನಾಗಿ ಬಂತು. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದಿದ್ದರೆ ಬಿಸಿ ಗೊತ್ತಾಗುವುದಿಲ್ಲ, ಸುಟ್ಟೀತು.

ನನ್ನ ಓಟು ಬಾದುವಾನ್‌ಜಿನ್‌ಗೆ, ಅದೂ ಚೀನಾದ ಹಳೆಯ ವ್ಯಾಯಾಮವೇ. ಎಂಟೇ ಭಂಗಿ, ಸುಮಾರು 12 ನಿಮಿಷ, ಚಾಪೆ ಹಾಸುವಷ್ಟು ಜಾಗ ಸಾಕು. ಸೋಂಗ್ ರಾಜವಂಶದ ಕಾಲದಿಂದ ಬಂದದ್ದು. ಎರಡನೆಯ ಭಂಗಿ ಬಿಲ್ಲು ಎಳೆಯುವುದು: ಮಂಡಿ ಬಗ್ಗಿಸಿ, ಒಂದು ಕೈ ಚಾಚಿ, ಇನ್ನೊಂದರ ಮೊಣಕೈ ಹಿಂದಕ್ಕೆ. ಎರಡು ಭುಜದ ಮೂಳೆಗಳ ನಡುವೆ, ಕೀಬೋರ್ಡ್ ಕುಟ್ಟಿ ಬಿಗಿದ ಜಾಗಕ್ಕೇ ಎಳೆತ ಸಿಗುತ್ತದೆ. ಕೊನೆಯದರಲ್ಲಿ ಹಿಮ್ಮಡಿ ಎತ್ತಿ ಏಳು ಸಲ ಕೆಳಕ್ಕೆ ಬಿಡುವುದು. ನೂರು ರೋಗ ಓಡುತ್ತವೆ ಅಂತ ಅದರ ಹೆಸರಲ್ಲೇ ಇದೆ. ನೂರರ ಮಾತು ಬಿಡಿ, ಭುಜ ಹಗುರಾದರೆ ಸಾಲದಾ?

ಕೈ ಜುಮ್ಮೆನ್ನುತ್ತಿದ್ದರೆ, ಶಕ್ತಿ ಕಡಿಮೆಯಾದರೆ ಇದ್ಯಾವುದೂ ಬೇಡ, ಡಾಕ್ಟರ್ ಹತ್ತಿರ ಹೋಗಿ. ಬರೀ ಕೂತು ಹಿಡಿದ ಕುತ್ತಿಗೆಯಾದರೆ ಬಾದುವಾನ್‌ಜಿನ್‌ನ ಮೊದಲ ಮೂರು ಭಂಗಿ ಆಫೀಸಿನಲ್ಲೇ ಮಾಡಬಹುದು. ಬಿಲ್ಲಿನದು ಮಾತ್ರ ನಾನು ಮೀಟಿಂಗ್ ರೂಮ್ ಖಾಲಿ ಇದ್ದಾಗಲೇ ಮಾಡುವುದು.