ದೋಟಿ ಗರಗಸ: ಅಲಗಿಗೆ ಐದು ಸ್ಟಾರ್, ಕೋಲಿಗೆ ಒಂದು

ಉದ್ದ ಎಷ್ಟು, ತೂಕ ಎಷ್ಟು, ಅಲಗಿನ ಉಕ್ಕು ಯಾವುದು ಎಂಬುದೆಲ್ಲ ಮಾರುವವರ ಪುಟದಲ್ಲೇ ಇದೆ. ಅದನ್ನು ಓದಿಕೊಂಡೇ ನೀವು ಇಲ್ಲಿಗೆ ಬಂದಿರುತ್ತೀರಿ. ಎತ್ತರದ ಕೊಂಬೆ ಕೊಯ್ಯಲು ಉದ್ದ ಕೋಲಿನ (ದೋಟಿಯ) ತುದಿಗೆ ಅಲಗು ಕೂರಿಸಿದ ಈ ಗರಗಸ ಕೆಲವು ಮಳೆಗಾಲ ಕಳೆದ ಮೇಲೆ ಹೇಗಿದೆ ಅನ್ನುವುದಷ್ಟೇ ನನ್ನ ಮಾತು.

ಮಡಿಕೇರಿಯಲ್ಲಿ ನಮ್ಮದು ಬರೆ, ಅಂದರೆ ಗುಡ್ಡದ ಕಡಿದಾದ ಇಳಿಜಾರು, ತೆಗೆದು ಕಟ್ಟಿದ ಮನೆ. ಹಿತ್ತಲು ಅಂದರೆ ಬಟ್ಟೆ ಒಣಹಾಕುವ ಹಗ್ಗ, ನೀರಿನ ಟ್ಯಾಂಕು, ಆಮೇಲೆ ಬರೆ. ಬರೆಯ ಅಂಚಿನಲ್ಲಿ ಯಾರೋ ಎಸೆದ ಬೀಜದಿಂದ ಹುಟ್ಟಿದ ಬಟರ್ ಫ್ರೂಟ್ ಮರ. ಅದು ಬೆಳೆದು ಅಡುಗೆಮನೆಯ ಶೀಟಿನ ಮೇಲೆ ಒರಗಿತ್ತು. ರಾತ್ರಿ ಹಣ್ಣು ಬಿದ್ದರೆ ಮನೆಮಂದಿಯೆಲ್ಲ ಎದ್ದು ಕೂರಬೇಕು. ಕಡಿಸಿಬಿಡಿ ಅಂದವರೇ ಹೆಚ್ಚು. ಆದರೆ 2018ರ ಆಗಸ್ಟಿನ ಗುಡ್ಡ ಕುಸಿತ ನೋಡಿದ ಮೇಲೆ ಬರೆ ಹಿಡಿದಿರುವ ಬೇರನ್ನು ಸುಮ್ಮನೆ ಕೀಳಿಸುವ ಧೈರ್ಯ ನಮಗೆ ಯಾರಿಗೂ ಇಲ್ಲ. ಹಾಗಾಗಿ ಸವರುವುದೊಂದೇ ದಾರಿ.

ತೋಟಗಳಲ್ಲಿ ಮರ ಕಪಾತು ಮಾಡುವವರು, ಅಂದರೆ ಕೊಂಬೆ ಸವರುವವರು, ಒಂದು ಮರಕ್ಕೋಸ್ಕರ ಪೇಟೆಗೆ ಬರುವುದಿಲ್ಲ. ಬಂದರೂ ಅವರ ಕೈಗೆ ಪಳಗಿರುವುದು ಕಾಫಿಗೆ ಬೆಳಕು ಬಿಡಿಸುವ ಕೆಲಸ. ಸಿಲ್ವರ್ ಓಕಿಗೆ ಮಾಡುವಂತೆ ತುದಿಯಲ್ಲೊಂದು ಜುಟ್ಟು ಉಳಿಸಿ ಮಿಕ್ಕಿದ್ದನ್ನು ಬೋಳಿಸಿದರೆ ಬಟರ್ ಫ್ರೂಟ್ ಸೊರಗುತ್ತದೆ. ಅದರ ಹೂವು ಬರುವುದು ಕೊಂಬೆಯ ತುದಿಗಳಲ್ಲಿ, ತೊಗಟೆಯೋ ಬಿಸಿಲು ತಡೆಯದು. ವರ್ಷಕ್ಕೆ ಹಸಿರಿನ ಕಾಲು ಭಾಗಕ್ಕಿಂತ ಹೆಚ್ಚು ತೆಗೆಯದೆ, ನಿಧಾನವಾಗಿ ಆಗಬೇಕಾದ ಕೆಲಸ ಇದು. ಅದಕ್ಕೇ 2,500 ರೂಪಾಯಿ ಒಳಗೆ ಬಂದ ಈ ದೋಟಿ ಗರಗಸ ತರಿಸಿದೆ.

ಅಲಗಿನ ವಿಷಯದಲ್ಲಿ ಎರಡು ಮಾತಿಲ್ಲ. ಬಾಗಿದ ಅಲಗು, ಎಳೆದಾಗ ಮಾತ್ರ ಕೊಯ್ಯುವ ಹಲ್ಲು. ಕೋಲಿನ ಭಾರವೇ ಅಲಗನ್ನು ಕೊಂಬೆಗೆ ಒತ್ತುವುದರಿಂದ ನಾವು ಎಳೆದರೆ ಸಾಕು, ಒತ್ತುವ ಗೋಜಿಲ್ಲ. ಮಣಿಕಟ್ಟಿನ ದಪ್ಪದ ಕೊಂಬೆ, ನಾನು ಉಸಿರು ತಿರುಗಿಸಿಕೊಳ್ಳುವಷ್ಟರಲ್ಲಿ, ಕರ್ ಅಂತ ಬಾಗುತ್ತದೆ. ಭಾರದ ಕೊಂಬೆಯನ್ನು ಬುಡದಲ್ಲೇ ಕೊಯ್ದರೆ ಬೀಳುವಾಗ ಕಾಂಡದ ಸಿಪ್ಪೆಯನ್ನೂ ಸುಲಿದುಕೊಂಡು ಹೋಗುತ್ತದೆ. ಅದಕ್ಕೆ ಮೊದಲು ತುದಿಯಿಂದ ತುಂಡು ತುಂಡಾಗಿ ಇಳಿಸಿ, ಉಳಿದ ಮೋಟನ್ನು ಕೊನೆಗೆ ತೆಗೆಯಬೇಕು. ಕೊಂಬೆ ಕಾಂಡಕ್ಕೆ ಸೇರುವಲ್ಲಿ ಸುಕ್ಕುಗಟ್ಟಿದ ಒಂದು ಉಬ್ಬು ಇರುತ್ತದಲ್ಲ, ಅದನ್ನು ಉಳಿಸಿ ಅದರ ಹೊರಗೇ ಕೊಯ್ಯಬೇಕು. ಮರ ಗಾಯ ಮುಚ್ಚಿಕೊಳ್ಳುವುದು ಅಲ್ಲಿಂದಲೇ. ಹೋದ ಸಲದ ಗಾಯಗಳ ಸುತ್ತ ಈಗ ದಪ್ಪ ಅಂಚು ಕಟ್ಟಿದೆ. ಬಿಸಿಲು ಬೀಳುವ ಕಡೆ ಕಾಂಡಕ್ಕೆ ಸುಣ್ಣ ಬಳಿದಿದ್ದೇನೆ.

ಕೆಲಸವೆಲ್ಲ ಹಣ್ಣು ಮುಗಿದು, ಮಳೆ ನಿಂತ ಮೇಲೆಯೇ. ಸಂಜೆ ಟೀ ಕುಡಿದು ಹಿತ್ತಲ ಮೆಟ್ಟಿಲ ಮೇಲೆ ಕೂತು ಅಲಗು ಒರೆಸುವುದು ನನಗೆ ಮರ ಸವರುವುದಕ್ಕಿಂತ ಇಷ್ಟ. ಹಳೇ ಟೂತ್‌ಬ್ರಷ್ಷಿಗೆ ಸ್ವಲ್ಪ ಸೀಮೆಎಣ್ಣೆ, ಹಲ್ಲಿನ ಸಂದಿಯಲ್ಲಿ ಕೂತ ಹಸಿ ಹೊಟ್ಟು ತೆಗೆದು, ಬನಿಯನ್ ಬಟ್ಟೆಯಲ್ಲಿ ಒರೆಸಿ, ಹೊಲಿಗೆ ಯಂತ್ರದ ಎಣ್ಣೆ ಎರಡು ಹನಿ. ತೆಂಗಿನೆಣ್ಣೆ ಡಿಸೆಂಬರಿನಲ್ಲಿ ಇಲ್ಲಿ ಬಾಟಲಿಯಿಂದ ಇಳಿಯುವುದೇ ಇಲ್ಲ. ಆಮೇಲೆ ಹಳೇ ಪೇಪರಿನಲ್ಲಿ ಸುತ್ತಿ ಬಚ್ಚಲ ಒಲೆಯ ಮೇಲಿನ ಅಟ್ಟಕ್ಕೆ. ಜುಲೈನಲ್ಲಿ ನಮ್ಮಲ್ಲಿ ಚಪ್ಪಲಿ, ಬೆಲ್ಟು, ದೇವರ ಪಟಕ್ಕೆಲ್ಲ ಬೂಷ್ಟು ಹಿಡಿಯುತ್ತದೆ. ಈ ಅಲಗಿಗೆ ಇನ್ನೂ ಒಂದು ಚುಕ್ಕೆ ತುಕ್ಕಿಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ಐದು ಸ್ಟಾರ್ ಕೊಡುತ್ತಿದ್ದೆ. ಆದರೆ ಕೋಲು ಅಲ್ಯೂಮಿನಿಯಂ.

ಬಯಲುಸೀಮೆಯ ಮಟ್ಟಸ ಅಂಗಳದಲ್ಲಿ ಇದು ಅಷ್ಟು ತೊಂದರೆ ಕೊಡಲಿಕ್ಕಿಲ್ಲ. ನಮ್ಮಲ್ಲಿ ಮೇಲಿನ ಕೊಂಬೆ ಎಟುಕಬೇಕಾದರೆ ಬರೆ ಹತ್ತಿ ನಿಲ್ಲಬೇಕು. ಬರೆಯ ಎತ್ತರ, ಆಳಿನ ಎತ್ತರ, ಪೂರ್ತಿ ಎಳೆದ ಕೋಲು, ಮೂರೂ ಸೇರಿದರೆ ಮೇಲಿನ ರಸ್ತೆಯ ಕಂಬದ ಲೈನು ಕೈಗೆ ಸಿಕ್ಕಿದ ಹಾಗೆಯೇ. ಮೆಣಸು ಕೊಯ್ಯುವಾಗಲೋ ಕಪಾತು ಮಾಡುವಾಗಲೋ ಅಲ್ಯೂಮಿನಿಯಂ ಏಣಿ ಲೈನಿಗೆ ತಾಗಿ ಜೀವ ಹೋದ ಸುದ್ದಿ ಕೊಡಗಿನವರಿಗೆ ಹೊಸದಲ್ಲ. ಅಂಥ ಊರಿಗೆ ಕಳಿಸುವ ಸಾಮಾನಿನ ಮೇಲೆ ಎಚ್ಚರಿಕೆ ಎಲ್ಲಿದೆ? ಹಿಡಿಯ ತಳದಲ್ಲಿ, ಉಗುರಗಲದ ಚೀಟಿಯಲ್ಲಿ, ಇಂಗ್ಲಿಷಿನಲ್ಲಿ. ಮೊದಲ ಮಳೆಗೇ ಅದು ಕಿತ್ತು ಬಂತು. ಕಸ್ಟಮರ್ ಕೇರಿಗೆ ಫೋನ್ ಮಾಡಿದರೆ, "ಸರ್, ಹಿಡಿಗೆ ರಬ್ಬರ್ ಗ್ರಿಪ್ ಇದೆಯಲ್ಲ" ಅಂದರು. ಜಾರದಿರಲು ಹಾಕಿದ ರಬ್ಬರು ಕರೆಂಟು ತಡೆಯುತ್ತದೆಯೇ ಮಾರಾಯ್ರೇ? ದೊಡ್ಡ ಲೈನಾದರೆ ತಾಗುವುದೂ ಬೇಡ, ಹತ್ತಿರ ಹೋದರೇ ಕರೆಂಟು ಹಾರುತ್ತದೆ.

ಜೊತೆಗೆ ಕೋಲಿನ ಲಾಕು ಚಳಿಗೆ ಸಡಿಲವಾಗಿ, ಎಳೆಯುವಾಗ ಕೋಲು ತನ್ನೊಳಗೇ ಇಳಿಯುತ್ತದೆ. ಅದು ಸಣ್ಣ ವಿಷಯ, ಬಿಡಿ.

ಅಡಿಕೆಯವರು ಬಳಸುವ ಕಾರ್ಬನ್ ಫೈಬರ್ ದೋಟಿಗೆ ಅಲಗು ಕಟ್ಟಿಕೊಳ್ಳಿ ಎಂದು ಒಬ್ಬರು ಸಲಹೆ ಕೊಟ್ಟರು. ಅದರಲ್ಲೂ ಕರೆಂಟು ಹರಿಯುತ್ತದೆ, ಅದೂ ಬೇಡ. ಕೊನೆಗೆ ನಾನು ಕೊಂಡದ್ದು ಫೈಬರ್ ಗ್ಲಾಸ್ ಕೋಲು. ಗರಗಸಕ್ಕಿಂತ ಅದೇ ದುಬಾರಿಯಾಯಿತು, ತೋಳಿಗೂ ಭಾರ. ಒದ್ದೆಯಾಗಿದ್ದರೆ ಅದನ್ನೂ ನಂಬುವ ಹಾಗಿಲ್ಲ, ಮಂಜು ಆರಿದ ಮೇಲೆಯೇ ಎತ್ತುತ್ತೇನೆ. ಲೈನಿಗೆ ಹತ್ತು ಅಡಿಯೊಳಗೆ ಇರುವ ಕೊಂಬೆ ಮುಟ್ಟುವುದಿಲ್ಲ. ಅದಕ್ಕೆ ಲೈನ್‌ಮನ್‌ಗೆ ಹೇಳಿ ಕರೆಂಟು ತೆಗೆಸಿಯೇ ಕೆಲಸ. ಅಪ್ಪ ಈ ಸಲ ಕೈಲ್ ಮುಹೂರ್ತಕ್ಕೆ, ಅಂದರೆ ಕೊಡವರ ಆಯುಧಪೂಜೆಯ ಹಬ್ಬಕ್ಕೆ, ಕೋವಿ, ಕತ್ತಿಗಳ ಸಾಲಿನಲ್ಲಿ ಅಲಗನ್ನೂ ಇಟ್ಟು ತೋಕ್ ಪೂ (ಕೋವಿ ಹೂವು) ಸಿಕ್ಕಿಸಿದರು. ಅಲ್ಯೂಮಿನಿಯಂ ಕೋಲು ಈಗ ಸೊಳ್ಳೆಪರದೆ ಕಟ್ಟಲಿಕ್ಕಿದೆ.

ಸವರಿದ ಸೊಪ್ಪನ್ನು ಪಕ್ಕದ ಮನೆಯ ಅಕ್ಕ ಆಡಿಗೆ ಕೇಳಿದ್ದರು, ಕೊಡಲಿಲ್ಲ. ಬಟರ್ ಫ್ರೂಟ್ ಎಲೆ ಆಡು, ದನಕ್ಕೆ ವಿಷ. ಬದಲಿಗೆ ಹಣ್ಣು ಕೊಟ್ಟೆ.

ಕೊಳ್ಳುವವರು ಅಲಗು ಮಾತ್ರ ಬಿಡಿಯಾಗಿ ಸಿಗುತ್ತದೆಯೇ ನೋಡಿ, ಕೆಲವು ಅಂಗಡಿಯವರು ಮಾರುತ್ತಾರೆ. ಆರ್ಡರ್ ಮಾಡುವ ಮೊದಲು ಬುಡದ ಬೋಲ್ಟ್ ತೂತು ನಿಮ್ಮ ಕೋಲಿಗೆ ಹೊಂದುತ್ತದೆಯೇ ಅಂತ ಅಳೆದುಕೊಳ್ಳಿ. ನನ್ನದು ಹೊಂದದೆ ವೆಲ್ಡಿಂಗ್ ಅಂಗಡಿಯಲ್ಲಿ ಒಂದು ಪಟ್ಟಿ ಮಾಡಿಸಬೇಕಾಯಿತು.